ಓಢಣಿಯ ಕನ್ನಡಿ



ಬೀದರದಿಂದ ಭಾಲ್ಕಿ, ಔರಾದಗಳ ಕಡೆಗೆ ಹೋಗುವಾಗ ತಾಂಡಾದ ಲಂಬಾಣಿ ಅಜ್ಜಿಯರ ತಲೆಯ ಮೇಲಿನ ಓಢಣಿಯನ್ನು ನೀವು ಕಂಡಿರಬಹುದು. ಹಣೆಗೆ ಬರುವ ಅದರ ಪಟ್ಟಿಯಲ್ಲಿ ಕನ್ನಡಿ, ಕವಡೆ, ನಾಣ್ಯಗಳು ಮೆರೆಯುವುವು. ಇದು ಕೈಸೂಜಿಯ ಕೆಲಸ.

ಕನ್ನಡಿಯ ಬಿಲ್ಲೆಗೆ ತೂತಿಲ್ಲ, ಅದು ನಿಲ್ಲುವುದೆಂತು? ಮೊದಲು ಬಿಲ್ಲೆಯ ಮೇಲೆ ಅಡ್ಡಲಾಗಿ ಎರಡು, ಉದ್ದಕ್ಕೆ ಎರಡು ಎಳೆಗಳನ್ನು ಬಿಗಿಯಾಗಿ ಹಾಯಿಸಿರಿ. ಬಳಿಕ ಆ ಎಳೆಗಳನ್ನೂ ಕೆಳಗಿನ ಬಟ್ಟೆಯನ್ನೂ ಒಂದೊಂದೇ ಹೊಲಿಗೆಯಲ್ಲಿ ಕೂಡಿಸುತ್ತ ಸುತ್ತಲೂ ಬನ್ನಿರಿ. ಎಳೆಗಳು ಅಂಚಿಗೆ ಸರಿದು ಬಿಲ್ಲೆಗೆ ಚೌಕಟ್ಟಾಗುವುವು. ಮೊದಲಿನ ಎಳೆ ಸಡಿಲವಾದರೆ ಬಿಲ್ಲೆಯು ಜಾರುವುದು ನಿಶ್ಚಯ. ಇಷ್ಟು ಭಾರವನ್ನು ತಾಳಲು ಪಟ್ಟಿಗೆ ದಪ್ಪ ಬಟ್ಟೆಯ ಅಸ್ತರು ಬೇಕು.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತುದು ಸಂತೋಷದ ಸಂಗತಿ. ಆದರೆ ಚೀಲಕ್ಕೆಂದು ಹಳೆಯ ಓಢಣಿಯನ್ನು ಕತ್ತರಿಸುವುದನ್ನು ನಾವು ಒಪ್ಪಲಾರೆವು. ಪಟ್ಟಿಯನ್ನು ಒಮ್ಮೆ ಬಿಚ್ಚಿದರೆ, ಯಾವ ಹೊಲಿಗೆಯ ಮೇಲೆ ಯಾವುದು ಬಿದ್ದಿತೆಂಬ ಕ್ರಮವೇ ಅಳಿದುಹೋಗುವುದು. ಚೀಲಕ್ಕೆ ಹೊಸ ಬಟ್ಟೆ ಸಿಕ್ಕೀತು. ಆ ಕ್ರಮವನ್ನು ಬಲ್ಲ ಅಜ್ಜಿ ಸಿಕ್ಕಾಳೆ? ಅವಳ ಕೈ ನಡೆಯುತ್ತಿರುವಾಗಲೇ ಬಳಿಯಲ್ಲಿ ಕುಳಿತು ಒಂದು ಬಿಲ್ಲೆಯನ್ನಾದರೂ ಕೂರಿಸಲು ಕಲಿಯಿರಿ. ಮಗಳನ್ನೂ ಜೊತೆಗೆ ಕೂಡಿಸಿಕೊಳ್ಳಿರಿ.