ಹದ್ದು ಇದ್ದಲ್ಲಿ ಗಾಳಿ
ಮೋಟಾರಿಲ್ಲದ ರೇಡಿಯೊ ಗ್ಲೈಡರ್ ಹಾರಿಸುವವರಿಗೆ ಗುರು ಎಂದರೆ ಹದ್ದು. ರೆಕ್ಕೆ ಬಡಿಯದೆ ಅದು ಎಲ್ಲಿ ಸುತ್ತು ಹಾಕುತ್ತದೋ, ಅಲ್ಲಿ ಕಾದ ನೆಲದ ಬಿಸಿಗಾಳಿ ಮೇಲೇಳುತ್ತಿದೆ ಎಂದೇ ಲೆಕ್ಕ. ಉತ್ತ ಹೊಲ, ಬಂಡೆ, ಡಾಂಬರು ಬೇಗ ಕಾಯುತ್ತವೆ. ಬೆಳಗಿನ ಹೊತ್ತು ಕೆರೆಯ ಮೇಲೆ ಹೋದಿರೋ, ಇಳಿದಿರಿ. ನನ್ನ ಗ್ಲೈಡರಿನ ರೆಕ್ಕೆ 1.5 ಮೀಟರ್, ತೂಕ 300 ಗ್ರಾಂನೊಳಗೆ. ರೆಕ್ಕೆಯ ತುದಿಯಲ್ಲಿರುವ ಗೂಟ ಹಿಡಿದು, ಡಿಸ್ಕಸ್ ಎಸೆಯುವವರ ಹಾಗೆ ಒಂದು ಸುತ್ತು ತಿರುಗಿ ಬಿಟ್ಟರೆ 40 ಮೀಟರ್ ಏರುತ್ತದೆ. ಮರುದಿನ ಸೊಂಟ ಹಿಡಿದುಕೊಳ್ಳುವುದು ಬೇರೆ ಮಾತು. ಹಾರಾಟ ಹತ್ತು ನಿಮಿಷವಾದರೆ ರಿಪೇರಿ ಇಡೀ ಸಂಜೆ. ಕಳೆದ ತಿಂಗಳು ಮುರಿದ ಬಾಲಕ್ಕೆ ಧಾರಾಳವಾಗಿ ಅಂಟು ಬಳಿದೆ. ಹೆಚ್ಚಾದದ್ದು 4 ಗ್ರಾಂ ಅಷ್ಟೇ; ಗ್ಲೈಡರ್ ಮೂಗೆತ್ತಿ, ತಡವರಿಸಿ, ಮತ್ತೆ ಮೂಗೆತ್ತಿ ಕುಡುಕನ ಹಾಗೆ ತೂರಾಡಿತು. ಬಾಲ ಉದ್ದ, ಮೂಗು ಗಿಡ್ಡ. ಹಾಗಾಗಿ ಹಿಂದಿನ 4 ಗ್ರಾಂ ಸರಿದೂಗಿಸಲು ಮುಂದೆ ಸುಮಾರು 12 ಗ್ರಾಂ ಸೀಸ ತುರುಕಬೇಕಾಯಿತು. ಎರಡು ಬೆರಳ ತುದಿಯ ಮೇಲೆ ರೆಕ್ಕೆಯನ್ನಿಟ್ಟು ತೂಗಿಸುತ್ತಿದ್ದಾಗ ಮನೆಯವಳು ಕೇಳಿದಳು: “ಚಿನ್ನ ತೂಗ್ತಿದ್ದೀರೇನ್ರೀ?”