ಬೀಕ್‌ಮನ್ ರಸ್ತೆ, ಪುರದ ನಲ್ಲಿ

ನಾನಿರುವ ಅಮೆರಿಕದ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ರಸ್ತೆಯನ್ನು ಕೆಲವು ರಾತ್ರಿಗಳ ಮಟ್ಟಿಗೆ ಮುಚ್ಚುತ್ತಾರೆ. ಅದರ ಹೆಸರು ಬೀಕ್‌ಮನ್ ರೋಡ್. ಹೆಪ್ಪುಗಟ್ಟಿದ ನೆಲ ಸಡಿಲಾಗಿ, ತುಸು ಬೆಚ್ಚನೆಯ ಮೊದಲ ಮಳೆ ಹೊಯ್ಯುವ ಇರುಳು, ಕಾಡಿನ ನೆಲದೊಳಗೆ ಚಳಿಗಾಲ ಕಳೆದ ಸಾಲಮ್ಯಾಂಡರ್‌ಗಳು ಎದ್ದು ಹೊರಡುತ್ತವೆ. ಹಲ್ಲಿಯ ಆಕಾರ, ಕಪ್ಪೆಯ ನೆಂಟಸ್ತಿಕೆ, ಕಪ್ಪು ಬೆನ್ನಿನ ಮೇಲೆ ಹಳದಿ ಚುಕ್ಕೆ. ಅವು ಮೊಟ್ಟೆಯಿಡಬೇಕಾದ ಹೊಂಡ ರಸ್ತೆಯ ಆಚೆಗಿದೆ. ವಸಂತದಲ್ಲಿ ತುಂಬಿ ಬೇಸಿಗೆಗೆ ಒಣಗುವ ಹೊಂಡವಾದ್ದರಿಂದ ಅಲ್ಲಿ ಮೀನು ಇರುವುದಿಲ್ಲ, ಮೊಟ್ಟೆಗಳಿಗೆ ಕ್ಷೇಮ. ಕಾಡುಕಪ್ಪೆಗಳೂ ಅದೇ ಮಳೆಯಲ್ಲಿ ಅದೇ ದಾರಿ ಹಿಡಿಯುತ್ತವೆ. ನಿಧಾನವಾಗಿ ತೆವಳುವ ಈ ಜೀವಗಳು ಕಾರಿನ ಚಕ್ರಕ್ಕೆ ಸಿಗದಿರಲಿ ಎಂದು ಟೌನ್‌ಶಿಪ್ ಸಂಜೆ ರಸ್ತೆಗೆ ಬ್ಯಾರಿಕೇಡ್ ಇಡುತ್ತದೆ, ಬೆಳಗ್ಗೆ ತೆಗೆಯುತ್ತದೆ. ಎರಡು ದಶಕಗಳಿಂದ ಇದು ನಡೆದುಬಂದಿದೆ.  ಆ ರಾತ್ರಿಗಳಲ್ಲಿ ಮಕ್ಕಳು ರೇನ್‌ಕೋಟ್ ತೊಟ್ಟು, ಟಾರ್ಚ್ ಹಿಡಿದು, ಕಾಲಡಿ ನೋಡಿಕೊಳ್ಳುತ್ತಾ ನಡೆಯುವುದನ್ನು ಕಂಡಿದ್ದೇನೆ.

ಸಮಾಜಕ್ಕೂ ಪರಿಸರಕ್ಕೂ ಒಳಿತು ಮಾಡಬೇಕೆಂದು ಹೊರಟ ಹೊಸ ಯೋಜನೆಗಳಿಗೆ ಸಲಹೆ ಕೊಡುವುದು ನನ್ನ ಕಸುಬು. ಬೀಕ್‌ಮನ್ ರಸ್ತೆಯ ಏರ್ಪಾಡು ನಮ್ಮ ಮೇಜಿಗೆ ಪ್ರಪೋಸಲ್ ಆಗಿ ಬಂದಿದ್ದರೆ ಅದಕ್ಕೆ ಹಣ ಸಿಗುತ್ತಿರಲಿಲ್ಲ ಎಂಬ ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅರ್ಜಿಯಲ್ಲಿ ‘ಇದರಲ್ಲಿ ಹೊಸತೇನು?’ ಎಂಬ ಕಲಂ ಇರುತ್ತದೆ. ಬ್ಯಾರಿಕೇಡ್ ಹೊಸತಲ್ಲ, ರಸ್ತೆ ಮುಚ್ಚುವುದೂ ಹೊಸತಲ್ಲ. ಆದರೆ ಯಾವ ರಾತ್ರಿ ಮುಚ್ಚಬೇಕು ಎಂಬ ತಿಳಿವಳಿಕೆ ಇದೆಯಲ್ಲ, ಹೊಸತು ಅಲ್ಲಿದೆ. ನೆಲದ ಕಾವು, ಮಳೆಯ ಹೊತ್ತು, ಪ್ರಾಣಿಯ ಅಭ್ಯಾಸ ಮೂರನ್ನೂ ಬಲ್ಲವರು ಊರಲ್ಲೇ ಇದ್ದರು, ಅವರ ಮಾತನ್ನು ಟೌನ್‌ಶಿಪ್ ಕೇಳಿತು. ವರ್ಷದ ಉಳಿದೆಲ್ಲ ರಾತ್ರಿ ರಸ್ತೆ ಕಾರುಗಳದ್ದೇ.

ಅಗ್ಗದ್ದೆಲ್ಲ ಒಳ್ಳೆಯದು ಎನ್ನುತ್ತಿಲ್ಲ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ 1987ರಲ್ಲಿ ಇವೇ ಜೀವಿಗಳಿಗಾಗಿ ರಸ್ತೆಯಡಿ ಸಣ್ಣ ಸುರಂಗಗಳನ್ನು ಹಾಕಿದರು. ಅಲ್ಲಿಗೆ ಅದು ಸರಿಯೇ ಇರಬಹುದು. ನಮ್ಮೂರ ರೂಟ್ 18ರಂಥ ಹೆದ್ದಾರಿಯನ್ನು ಒಂದು ರಾತ್ರಿಯೂ ಮುಚ್ಚಲಾಗದು, ಅಲ್ಲಿ ಸುರಂಗವೇ ಬೇಕಾದೀತು. ನನ್ನ ತಕರಾರು ಬೇರೆ. ಉತ್ತರ ಮೊದಲೇ ಜೇಬಿನಲ್ಲಿದ್ದು ಅದಕ್ಕೆ ಹೊಂದುವ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುವುದು ಈ ಕಸುಬಿನ ದೊಡ್ಡ ರೋಗ. ಅದಕ್ಕೆ ಸಿಕ್ಕಿಬಿದ್ದೂ ಎದ್ದುಬಂದವರ ಕಥೆ ಕರ್ನಾಟಕದ ತುಮಕೂರು ಜಿಲ್ಲೆಯಲ್ಲೇ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಒಗ್ಗಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಪುರ ಎಂಬ, ನೂರು ಮನೆಯೂ ಇಲ್ಲದ ಊರನ್ನು ಅವರು ಆರಿಸಿಕೊಂಡರು. ಕಣ್ಣಂದಾಜಿನ ಕೆಲಸವಲ್ಲ ಅದು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಹೆಂಗಸರು ಮಕ್ಕಳು ಎಷ್ಟು ನಡೆಯುತ್ತಾರೆ ಎಂದು ಮನೆಮನೆಯಲ್ಲಿ ಅಳೆದರು. ಲೆಕ್ಕ ಹೇಳಿದ್ದು ಒಂದೇ: ಇಂಧನದ ಬಹುಪಾಲು ಒಲೆಗೆ ಹೋಗುತ್ತಿದೆ, ಆದ್ದರಿಂದ ಇಡೀ ಊರಿಗೊಂದು ಗೋಬರ್ ಗ್ಯಾಸ್ ಘಟಕ ಕಟ್ಟಿ ಅಡುಗೆಗೆ ಅನಿಲ ಕೊಡೋಣ. ಘಟಕ ಎದ್ದಿತು, ಯೋಜನೆ ಬಿದ್ದಿತು. ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಸಗಣಿಯೇ ಒದಗಲಿಲ್ಲ.

ಆಮೇಲೆ ಊರವರೊಡನೆ ಕೂತು ಮಾತಾಡಿದಾಗ ತಿಳಿದುಬಂದದ್ದು ಇನ್ನೂ ದೊಡ್ಡದು. ಅವರಿಗೆ ಬೇಕಾಗಿದ್ದುದು ನೀರು. ಸೌದೆಯನ್ನು ಕಾಸು ಕೊಟ್ಟು ಕೊಳ್ಳುತ್ತಿರಲಿಲ್ಲ, ಆಯ್ದು ತರುತ್ತಿದ್ದರು. ಒಳ್ಳೆಯ ಕುಡಿಯುವ ನೀರು ಮಾತ್ರ ಆಯ್ದರೆ ಸಿಗುವಂಥದ್ದಲ್ಲ. ಹಾಗಾಗಿ 1987ರಲ್ಲಿ ಅದೇ ಅನಿಲವನ್ನು ಎಂಜಿನ್ನಿಗೆ ತಿರುಗಿಸಿದರು. ಎಂಜಿನ್ ಜನರೇಟರನ್ನು ಓಡಿಸಿತು, ಬೋರ್‌ವೆಲ್ಲಿನ ನೀರು ಮೇಲೆ ಬಂದು ನಲ್ಲಿಯಲ್ಲಿ ಸುರಿಯಿತು, ಮನೆಗಳಲ್ಲಿ ದೀಪ ಹತ್ತಿತು. ಅಡುಗೆಗೆ ಸಾಲದ ಸಗಣಿ ನೀರಿಗೂ ಬೆಳಕಿಗೂ ಸಾಕಾಯಿತು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟರು, ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಅವರ ಗದ್ದೆಗೇ ಹೋಯಿತು. ಘಟಕ ನಡೆಸಿದವರು ಊರಿನ ಹುಡುಗರೇ. ಈ ಏರ್ಪಾಡು ವರ್ಷಗಟ್ಟಲೆ ಓಡಿತು. ಮೊದಲ ಸೋಲನ್ನು ರೆಡ್ಡಿ ಮುಚ್ಚಿಡಲಿಲ್ಲ. ಪುರ ಕಲಿಸಿದ ಪಾಠಗಳನ್ನು ಲೇಖನವಾಗಿ ಬರೆದು ಉಳಿಸಿಹೋದರು. ಸಲಹೆಗಾರರು ಓದಲೇಬೇಕಾದ ಬರಹ ಯಾವುದು ಎಂದು ಕೇಳಿದರೆ ನಾನು ಹೇಳುವುದು ಅದನ್ನೇ.

ಹಾಗಾದರೆ ಜನ ಕೇಳಿದ್ದನ್ನು ಬರೆದುಕೊಂಡು ಬಂದರೆ ಸಲಹೆಗಾರನ ಕೆಲಸ ಮುಗಿಯಿತೇ? ಇಲ್ಲ. ಸಾಲಮ್ಯಾಂಡರ್ ಗ್ರಾಮಸಭೆಗೆ ಬಂದು ಕೂರುವುದಿಲ್ಲ. ಅಡುಗೆಮನೆಯ ಹೊಗೆ ಎಳೆಯ ಮಗುವಿನ ಎದೆಗೆ ಏನು ಮಾಡುತ್ತದೆ ಎಂಬುದು ಆ ಹೊಗೆಯಲ್ಲೇ ಬದುಕು ಕಳೆದವರಿಗೆ ಕಷ್ಟಗಳ ಪಟ್ಟಿಯಲ್ಲಿ ಸೇರಿಸಬೇಕಾದ ಸಂಗತಿ ಅನ್ನಿಸದೆಯೂ ಇರಬಹುದು. ಮುಂದಿನ ತಲೆಮಾರಿಗೂ ಕಾಡಿಗೂ ಅಂತರ್ಜಲಕ್ಕೂ ಬಾಯಿಲ್ಲ. ಅವುಗಳ ಪರವಾಗಿ ಮಾತಾಡಲು ಕಲಿತವರು ಬೇಕು, ಆ ಮಾತು ಗಟ್ಟಿಯಾಗಿಯೇ ಇರಬೇಕು. ಆದರೆ ತಾನು ಕಂಡದ್ದನ್ನು ಊರಿನ ಮುಂದಿಡುವುದು ಒಂದು, ಯಾವುದು ಮೊದಲು ಯಾವುದು ಆಮೇಲೆ ಎಂದು ತಾನೇ ತೀರ್ಮಾನಿಸಿಬಿಡುವುದು ಇನ್ನೊಂದು. ಮೊದಲನೆಯದು ನಮ್ಮ ಹೊಣೆ. ಆ ತೀರ್ಮಾನ ಅಲ್ಲೇ ಬಾಳುವವರ ಹಕ್ಕು. ಪುರದಲ್ಲಿ ಒಲೆಯ ಲೆಕ್ಕ ತಪ್ಪಾಗಿರಲಿಲ್ಲ, ಮೊದಲಿನದ್ದು ಯಾವುದು ಎಂಬುದು ತಪ್ಪಿತ್ತು.

ಹರೀಶ್ ಹಂದೆ ಜೊತೆಗಾರರೊಡನೆ 1995ರಲ್ಲಿ ಕಟ್ಟಿದ ಸೌರವಿದ್ಯುತ್ ಸಂಸ್ಥೆ ಸೆಲ್ಕೋ ಈ ಪಾಠವನ್ನು ಹಣದ ಕಡೆಯಿಂದ ಕಂಡುಕೊಂಡಿತು. ತಿಂಗಳಿಗೆ 300 ರೂಪಾಯಿ ಆಗದ ಮಾತು, ದಿನಕ್ಕೆ 10 ರೂಪಾಯಿ ಆಗುತ್ತದೆ ಎಂದು ಬೀದಿಬದಿಯ ವ್ಯಾಪಾರಿ ಹೇಳಿದ್ದನ್ನು ಹಂದೆ ಹಲವು ಕಡೆ ನೆನೆದಿದ್ದಾರೆ. ಗಣಿತಕ್ಕೆ ಎರಡೂ ಒಂದೇ, ಸಂಜೆ ಗಲ್ಲಾ ಎಣಿಸುವವರಿಗೆ ಒಂದೇ ಅಲ್ಲ. ಸೌರದೀಪ ಬಡವರ ಮನೆ ಸೇರಿದ್ದು ಫಲಕದ ಗುಣದಿಂದಷ್ಟೇ ಅಲ್ಲ, ಗ್ರಾಮೀಣ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವಂತೆ ಮಾಡಿದ್ದರಿಂದ, ಕಂತನ್ನು ದುಡಿಮೆಯ ಲಯಕ್ಕೆ ಹೊಂದಿಸಿದ್ದರಿಂದ.

ಇಷ್ಟು ತಿಳಿದೂ ನಾವೇಕೆ ಮತ್ತೆ ಮತ್ತೆ ಎಡವುತ್ತೇವೆ? ನನಗೆ ಕಾಣುವ ಕಾರಣ ಸಂಬಳದ್ದು. ಸಲಹೆಗಾರನಿಗೆ ಹಣ ಕೊಡುವವರು ಒಬ್ಬರು, ಸಲಹೆಯ ಫಲ ಉಣ್ಣಬೇಕಾದವರು ಇನ್ನೊಬ್ಬರು. ದಾನಿಯ ಕಾಗದದಲ್ಲಿ ಹದಿನೆಂಟು ತಿಂಗಳು, ಇಷ್ಟು ಉಪಕರಣ, ಇಷ್ಟು ಫಲಾನುಭವಿಗಳು ಎಂದು ಮೊದಲೇ ಬರೆದಿರುತ್ತದೆ. ಇಂಥದ್ದೇ ಒಂದು ಯೋಜನೆಯಲ್ಲಿ ನಾನು ಊರಿಗೆ ಹೋಗಿ ಬಂದು, ಇವರು ಕೇಳುತ್ತಿರುವುದು ಬೇರೆ ಎಂದು ವರದಿ ಕೊಟ್ಟೆ. ಅದನ್ನು ಎರಡನೇ ಹಂತದಲ್ಲಿ ನೋಡೋಣ ಎಂದರು. ಎರಡನೇ ಹಂತ ಬರಲಿಲ್ಲ. ಹೆಚ್ಚು ಜಗಳವಾಡದೆ ಉಪಕರಣದ ವರದಿಗೆ ಸಹಿ ಹಾಕಿದೆ. ಆ ಸಹಿ ಈಗಲೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ಒಪ್ಪಂದದಲ್ಲೇ ಎರಡು ಮಾತು ಬರೆಸಿಕೊಳ್ಳಲು ಹಟ ಹಿಡಿಯುತ್ತೇನೆ. ಒಂದು, ಮೊದಲ ನಾಲ್ಕು ತಿಂಗಳು ಪರಿಹಾರದ ಹೆಸರೆತ್ತಬಾರದು, ಪ್ರಶ್ನೆಯನ್ನು ಬದಲಿಸುವ ಹಕ್ಕು ಊರಿಗಿರಬೇಕು. ಎರಡು, ‘ಇದನ್ನು ಮಾಡಬೇಡಿ’ ಎಂದು ಹೇಳಿದರೂ ನನ್ನ ಪೂರ್ತಿ ಸಂಭಾವನೆ ಸಲ್ಲಬೇಕು. ಎರಡನೆಯದಕ್ಕೆ ಹಲವರು ಮುಖ ಸಿಂಡರಿಸುತ್ತಾರೆ, ಕೆಲವು ಕೆಲಸಗಳು ಅದರಿಂದಲೇ ಕೈತಪ್ಪಿವೆ. ಆದರೆ ‘ಬೇಡ’ ಎಂದರೆ ಹೊಟ್ಟೆಗೆ ಹೊಡೆತ ಬೀಳುವ ಕಡೆ ಯಾರೂ ‘ಬೇಡ’ ಎನ್ನುವುದಿಲ್ಲ. ಒಪ್ಪಂದಕ್ಕೆ ಒಪ್ಪಿದವರ ಮೊದಲ ಸಭೆಯಲ್ಲಿ ನಾನು ಬೀಕ್‌ಮನ್ ರಸ್ತೆಯ ಕಥೆ ಹೇಳಿ ಒಂದು ಪ್ರಶ್ನೆ ಕೇಳುತ್ತೇನೆ: ನಾವೆಲ್ಲ ಹೊರಟುಹೋದ ಮೇಲೆ, ಮಳೆ ಸುರಿಯುವ ರಾತ್ರಿ ಎದ್ದುಬಂದು ಆ ಬ್ಯಾರಿಕೇಡ್ ಇಡುವವರು ಯಾರು? ಅವರನ್ನು ಇಂದು ಈ ಕೋಣೆಗೆ ಕರೆದಿದ್ದೀರಾ?