ಆಟ ನೋಡುವವನಿಗೆ ಬಹುಮಾನ

ಕಳೆದ ತಿಂಗಳ ಒಂದು ಶನಿವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ನನ್ನಲ್ಲಿ ಕಲಿತು, ಈಗ ಪ್ಲಸ್ ಟು ಓದುತ್ತಿರುವ ಹುಡುಗ. ಕೈಯಲ್ಲಿ ಮಡಚಿದ ಕಾಗದವೊಂದಿತ್ತು. "ಮಾಷ್ಟ್ರೇ, ಇದನ್ನೊಂದು ಒಳ್ಳೆ ಕನ್ನಡದಲ್ಲಿ ಬರೆದು ಕೊಡ್ತೀರಾ? ಮಲಯಾಳದ್ದು ನಾನೇ ಬರೆದಿದ್ದೇನೆ" ಎಂದ. ಓದಿ ನೋಡಿದೆ. ಮೊಬೈಲಿನಲ್ಲಿ ತಾನು ಆಡುವ ಬಂದೂಕಿನ ಆಟವನ್ನು ಅವನು ರಾತ್ರಿ ಹೊತ್ತು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಾನೆ. ಚಾನೆಲಿನ ಚಂದಾದಾರರ ಸಂಖ್ಯೆ ಒಂದು ಸಾವಿರ ಮುಟ್ಟಿದ ದಿನ ಚೀಟಿ ಎತ್ತಿ, ಹತ್ತು ಮಂದಿಗೆ ತಲಾ 250 ರೂಪಾಯಿ ಬೆಲೆಯ ಆಟದ ನಾಣ್ಯ ಕೊಡುವುದಾಗಿ ಪ್ರಕಟಣೆ. ಹಣ ಎಲ್ಲಿಂದ ಎಂದು ಕೇಳಿದೆ. ನೆರೆಮನೆಯಲ್ಲಿ ಅಡಿಕೆ ಸುಲಿದು ಗಳಿಸಿದ 2,500 ರೂಪಾಯಿ ಇದೆ ಎಂದ. ಆ ದಿನಕ್ಕೆ ಅವನ ಚಂದಾದಾರರು 340. ಪ್ರಸಾರದ ಹೊತ್ತಿಗೆ ಕೂತು ನೋಡುವವರು ಎಂಟೋ ಹತ್ತೋ.

ಎರಡು ದಿನ ಬಿಟ್ಟು ಬಾ ಎಂದು ಕಳುಹಿಸಿದೆ. ಬರೆದು ಕೊಡುವುದು ಐದು ನಿಮಿಷದ ಕೆಲಸ. ಆದರೆ ಆ ಕಾಗದದಲ್ಲಿದ್ದ ಲೆಕ್ಕ ನನಗೆ ಸರಿಯೆನಿಸಲಿಲ್ಲ. ನಮ್ಮ ಊರುಗಳ ಅನೇಕ ಮನೆಗಳಲ್ಲಿ ಇಂದು ಇಂಥದೇ ಕಾಗದವಿಲ್ಲದ ಲೆಕ್ಕಗಳು ಮಕ್ಕಳ ತಲೆಯಲ್ಲಿ ನಡೆಯುತ್ತಿರುವುದರಿಂದ, ವಿಷಯವನ್ನು ನಾಲ್ಕು ಜನರ ಮುಂದಿಡುವುದು ಯುಕ್ತವೆಂದು ತೋರಿತು.

ಹಿರಿಯ ಓದುಗರಿಗಾಗಿ ಮೊದಲು ಒಂದು ವಿವರಣೆ. ಒಬ್ಬ ಆಡುವುದನ್ನು ಇನ್ನೊಬ್ಬ ಕೂತು ನೋಡುವುದೇನೆಂದು ಹುಬ್ಬೇರಿಸಬೇಕಾಗಿಲ್ಲ. ಕಬಡ್ಡಿ ಪಂದ್ಯಾಟಕ್ಕೆ ನಾವೂ ಗದ್ದೆಯ ಬದಿಯಲ್ಲಿ ನಿಂತವರೇ. ಇಲ್ಲಿ ಆಡುವವನ ಪರದೆಯೇ ಅಂಗಣ. ಅವನು ಆಡುತ್ತ ಮಾತನಾಡುತ್ತಾನೆ, ನೋಡುವವರು ಬರೆದು ಕಳುಹಿಸುತ್ತಾರೆ, ಅವನು ಉತ್ತರಿಸುತ್ತಾನೆ. 2011ರಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ವಿಚ್ ಎಂಬ ತಾಣ ಇದನ್ನೇ ಕಸುಬಾಗಿ ಮಾಡಿತು. 2014ರಲ್ಲಿ ಅಮೆಜಾನ್ ಕಂಪೆನಿ ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಯೂಟ್ಯೂಬನ್ನೇ ನಂಬಿದವರು. ಇನ್ನು ಚಂದಾದಾರ ಎಂಬ ಶಬ್ದ. ಈ ಪತ್ರಿಕೆಯ ಚಂದಾದಾರರು ವರ್ಷಕ್ಕಿಷ್ಟೆಂದು ಹಣ ತೆತ್ತವರು. ಅಲ್ಲಿನ ಚಂದಾದಾರ ಬೆರಳಿನಿಂದ ಒಂದು ಗುಂಡಿ ಒತ್ತಿದವನು, ಅಷ್ಟೆ. ಈ ವ್ಯತ್ಯಾಸವನ್ನು ಮರೆತಲ್ಲಿಂದಲೇ ತಪ್ಪು ಲೆಕ್ಕ ಶುರುವಾಗುತ್ತದೆ.

ನೋಡುವವನಿಗೆ ಬಹುಮಾನ ಕೊಡುವ ಪದ್ಧತಿ ಈ ಹುಡುಗನ ಆವಿಷ್ಕಾರವೇನಲ್ಲ. ನಮ್ಮ ದೇಶದಲ್ಲೇ 2018ರಲ್ಲಿ ಲೋಕೊ ಎಂಬ ಆ್ಯಪ್ ಮೊಬೈಲಿನಲ್ಲಿ ನೇರ ರಸಪ್ರಶ್ನೆ ನಡೆಸಿ, ಎಲ್ಲ ಪ್ರಶ್ನೆಗೂ ಸರಿಯುತ್ತರ ಕೊಟ್ಟವರಿಗೆ ಹಣ ಹಂಚುತ್ತಿತ್ತು. ಹೊತ್ತಿಗೆ ಸರಿಯಾಗಿ ಜನ ಮುಗಿಬೀಳುತ್ತಿದ್ದರು. ಮುಂದೆ ಆ ಸಂಸ್ಥೆ ರಸಪ್ರಶ್ನೆಯನ್ನು ಬಿಟ್ಟು ಆಟಗಳ ನೇರ ಪ್ರಸಾರಕ್ಕೇ ತಿರುಗಿತು. ಅಂದರೆ ಹಣ ಹಂಚುವುದು ಜನರನ್ನು ಕರೆತರಬಲ್ಲುದು, ಆದರೆ ಹಂಚುತ್ತಲೇ ಇರುವುದು ದೊಡ್ಡ ಬಂಡವಾಳದವರಿಗೂ ಸುಲಭವಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. 2020ರ ಏಪ್ರಿಲಿನಲ್ಲಿ ರಯಟ್ ಎಂಬ ಕಂಪೆನಿ ವ್ಯಾಲರಂಟ್ ಎಂಬ ತನ್ನ ಹೊಸ ಆಟವನ್ನು ಪರೀಕ್ಷಾರ್ಥವಾಗಿ ಹೊರತಂದಿತು. ಆಟಕ್ಕೆ ಪ್ರವೇಶ ಬೇಕಿದ್ದವರು ಟ್ವಿಚ್‌ನಲ್ಲಿ ಇತರರು ಅದನ್ನು ಆಡುವುದನ್ನು ನೋಡಬೇಕು. ನೋಡಿದವರಲ್ಲಿ ಕೆಲವರಿಗೆ ಪ್ರವೇಶ ದೊರೆಯುತ್ತದೆ ಎಂಬುದು ಏರ್ಪಾಡು. ಮೊದಲ ದಿನವೇ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 17 ಲಕ್ಷಕ್ಕೆ ಏರಿತು. ಆದರೆ ಅವರಲ್ಲಿ ಎಷ್ಟು ಮಂದಿ ನಿಜಕ್ಕೂ ನೋಡುತ್ತಿದ್ದರು? ಎಷ್ಟೋ ಜನ ಪರದೆಯನ್ನು ತೆರೆದಿಟ್ಟು, ಧ್ವನಿ ಅಡಗಿಸಿ, ಹೊದ್ದು ಮಲಗಿದ್ದರು. ಇದನ್ನು ಕಂಡುಕೊಂಡ ಕೆಲವು ಪ್ರಸಾರಕರು ತಾವೂ ಮಲಗಿ, ಹಳೆಯ ಮುದ್ರಿಕೆಯನ್ನೇ ನೇರ ಪ್ರಸಾರವೆಂದು ಹಗಲು ರಾತ್ರಿ ಓಡಿಸಿದರೆಂದು ದೂರು ಬಂತು. ಆಡುವವನೂ ನಿದ್ದೆಯಲ್ಲಿ, ನೋಡುವವನೂ ನಿದ್ದೆಯಲ್ಲಿ, ಲೆಕ್ಕ ಮಾತ್ರ ಎಚ್ಚರ! ಕಂಪೆನಿಗೆ ಅದರಿಂದ ನಷ್ಟವಾಗಲಿಲ್ಲವೆನ್ನಿ. ಅದಕ್ಕೆ ಬೇಕಿದ್ದುದು ಆ ಬೇಸಿಗೆಯ ಗದ್ದಲ. ಜೂನಿನಲ್ಲಿ ಆಟ ಎಲ್ಲರಿಗೂ ಬಿಡುಗಡೆಯಾಗುವಾಗ ಹೆಸರು ಎಲ್ಲ ಕಡೆ ತಲುಪಿತ್ತು. ಅದು ಕೊಟ್ಟ ಬಹುಮಾನಕ್ಕೆ ಖರ್ಚೂ ಇರಲಿಲ್ಲ, ತನ್ನದೇ ಬಾಗಿಲನ್ನು ತಾನು ತೆರೆದದ್ದಷ್ಟೆ. ಅಡಿಕೆ ಸುಲಿದ ಹಣದಿಂದ ಕೊಡುವ ಬಹುಮಾನಕ್ಕೂ ಅದಕ್ಕೂ ಹೋಲಿಕೆ ಎಲ್ಲಿಯದು?

ನಮ್ಮಲ್ಲಿ ಹರಕೆ ಬಯಲಾಟದ ರೂಢಿ ಇದೆ. ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಹಾಕುತ್ತಾರೆ. ನಾನು ಚಿಕ್ಕವನಿದ್ದಾಗ ಊಟದ ಪಂಕ್ತಿಯಲ್ಲಿ ಕಂಡ ಮುಖಗಳೆಲ್ಲ ಬೆಳಗಿನ ಜಾವ ರಂಗಸ್ಥಳದ ಮುಂದೆ ಇರುತ್ತಿರಲಿಲ್ಲ. ಪಾಯಸವಾಗುತ್ತಲೇ ಟಾರ್ಚು ಹಿಡಿದು ಹೊರಟವರು ಒಂದು ಪಾಲು. ಉಳಿದು ಚಳಿಯಲ್ಲಿ ಮುದುಡಿ ಕೂತವರು ಭಾಗವತರ ಪದಕ್ಕೋ, ವೇಷಧಾರಿಯ ಮಾತಿಗೋ ಉಳಿದವರು. ಊಟ ಅಂಗಳದ ತನಕ ತಂದಿತು. ಬೆಳಗಿನ ತನಕ ಕೂರಿಸಿದ್ದು ಆಟ. ಯಜಮಾನನಿಗೆ ಈ ಭೇದ ಗೊತ್ತಿತ್ತು. ಅವನು ಊಟ ಹಾಕುತ್ತಿದ್ದುದು ತಲೆ ಎಣಿಸುವುದಕ್ಕಲ್ಲ.

ಯೂಟ್ಯೂಬಿನವರು ತಲೆಯನ್ನೂ ಎಣಿಸುತ್ತಾರೆ, ಹೊತ್ತನ್ನೂ ಎಣಿಸುತ್ತಾರೆ. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರು, ಅದರ ಜೊತೆಗೆ ಒಂದು ವರ್ಷದೊಳಗೆ ಜನರು ನೋಡಿದ 4,000 ಗಂಟೆಗಳು ಬೇಕೆಂಬುದು 2018ರಿಂದ ನಡೆದುಬಂದ ಮುಖ್ಯ ನಿಯಮ. ನಮ್ಮ ಹುಡುಗ ಕಂಡದ್ದು ಮೊದಲಿನ ಸಂಖ್ಯೆಯನ್ನು ಮಾತ್ರ. ಅವನಿಗೆ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸುವಂತೆ ಎರಡನೆಯದನ್ನು ತೋರಿಸಿದೆ. ಹತ್ತು ಮಂದಿ ನಿಂತು ನೋಡುವ ಪ್ರಸಾರಕ್ಕೆ 4,000 ಗಂಟೆಯಾಗಲು 400 ಗಂಟೆ ಆಡಬೇಕು. ರಾತ್ರಿ ಎರಡು ಗಂಟೆಯಂತೆ 200 ರಾತ್ರಿ. ಪರೀಕ್ಷೆಯ ವರ್ಷದಲ್ಲಿ 200 ರಾತ್ರಿ! ಚೀಟಿಯ ಆಸೆಗೆ ಗುಂಡಿ ಒತ್ತಿ ಹೋದ 660 ಮಂದಿ ಈ ಲೆಕ್ಕಕ್ಕೆ ಒಂದು ಗಂಟೆಯನ್ನೂ ಸೇರಿಸುವ ಭರವಸೆಯಿಲ್ಲ. ಅವರು ಬಂದದ್ದು 250 ರೂಪಾಯಿಗೆ. ಚೀಟಿ ಎತ್ತಿದ ಮರುದಿನ ಇನ್ನೊಂದು ಚಾನೆಲಿನ ಚೀಟಿಗೆ ಹೋಗುತ್ತಾರೆ. ಮೇಲಾಗಿ ವೀಕ್ಷಣೆ, ಲೈಕ್, ಚಂದಾದಾರರ ಸಂಖ್ಯೆಗಳನ್ನು ಕೃತಕವಾಗಿ ಉಬ್ಬಿಸಲು ಸ್ಪರ್ಧೆಗಳನ್ನು ಬಳಸಬಾರದೆಂದೂ, ಪ್ರವೇಶಕ್ಕೆ ಶುಲ್ಕ ಕೇಳಬಾರದೆಂದೂ ಆ ಸಂಸ್ಥೆಯ ನಿಯಮಗಳಲ್ಲೇ ಇದೆ. ನೀನು ನನ್ನ ಚಾನೆಲಿಗೆ ಸೇರು, ನಾನು ನಿನ್ನದಕ್ಕೆ ಸೇರುತ್ತೇನೆಂಬ ಕೊಡುಕೊಳ್ಳುವಿಕೆಯೂ ನಿಷಿದ್ಧ. ಇದು ಹುಡುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ತಿಳಿಯದು, ತಿಳಿಯುವಂತೆ ಯಾರೂ ಹೇಳುವುದೂ ಇಲ್ಲ.

ಬಹುಮಾನವಾಗಿ ಕೊಡುವ ಆಟದ ನಾಣ್ಯದ ಬಗ್ಗೆಯೂ ಒಂದು ಮಾತು. ಪಬ್‌ಜಿ ಆಟವನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅಂಗಡಿಯಿಂದ ಮಾಯವಾಯಿತು. 2023ರ ಮೇಯಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧಕ್ಕೆ ಒಳಗಾಯಿತು. ಇಂಥ ನೆಲದ ಮೇಲೆ ನಿಂತ ನಾಣ್ಯವನ್ನು ಬೆವರಿನ ಹಣ ಕೊಟ್ಟು ಕೊಂಡು ಅಪರಿಚಿತರಿಗೆ ಹಂಚುವ ಮುಂಚೆ ಎರಡು ಸಲ ಯೋಚಿಸಬೇಡವೆ?

ಕೈಯಲ್ಲಿ ಹಣವಿಲ್ಲದವನಿಗೆ ಬಹುಮಾನದ ಹಣವನ್ನು ತಾವು ಕೊಡುತ್ತೇವೆಂದು ಮುಂದೆ ಬರುವವರೂ ಇದ್ದಾರೆ. ಈ ಕೊಂಡಿ ಒತ್ತಿಸು, ಈ ಆ್ಯಪ್ ಇಳಿಸುವಂತೆ ಹೇಳು ಎಂಬುದಷ್ಟೇ ಅವರ ಷರತ್ತು. ಪೋಷಕರು ಕಣ್ಣಿಡಬೇಕಾದ ಜಾಗ ಇದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತಿನ ಒಪ್ಪಿಗೆ ದೊರೆತು, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವಾಗಿದೆ. ಸ್ಪರ್ಧಾತ್ಮಕ ಇ-ಕ್ರೀಡೆಗಳಿಗೆ ಆ ಕಾಯಿದೆ ಮನ್ನಣೆ ಕೊಡುತ್ತದೆ. ಜೂಜಿನ ಆಟಗಳ ಜಾಹೀರಾತು ಮಾಡುವವನಿಗೆ ಎರಡು ವರ್ಷದ ತನಕ ಸೆರೆ, 50 ಲಕ್ಷ ರೂಪಾಯಿಯ ತನಕ ದಂಡವೆಂದೂ ಹೇಳುತ್ತದೆ. ಇನ್ನು ಹಣ ಪಡೆದು ಚೀಟಿ ಎತ್ತುವುದು ಲಾಟರಿಯ ವಿಷಯ. 1968ರ ಜನವರಿ 26ರಂದು ಮೊದಲ ಡ್ರಾ ಎತ್ತಿದ ಕೇರಳ ಸರಕಾರಕ್ಕೆ ಅದು ಸಲ್ಲುತ್ತದೆ, ಕಾರಡ್ಕದ ಹುಡುಗನಿಗೆ ಸಲ್ಲದು. ವಯಸ್ಸಿನ ಮಾತೂ ಇದೆ. 2025ರ ಜುಲೈ 22ರಿಂದ ಯೂಟ್ಯೂಬಿನಲ್ಲಿ 16 ತುಂಬದ ಮಕ್ಕಳು ತಾವೊಬ್ಬರೇ ನೇರ ಪ್ರಸಾರ ಮಾಡುವಂತಿಲ್ಲ. ಅಣ್ಣನ ಹೆಸರಿನ ಖಾತೆಯಲ್ಲಿ ತಮ್ಮ ಆಡುವ ಮನೆಗಳು ಇದನ್ನು ಗಮನಿಸಲಿ.

ಹಾಗಾದರೆ ನೋಡುವವನಿಗೆ ಏನೂ ಕೊಡಬಾರದೆ? ಕೊಡಬೇಕು. ಟ್ವಿಚ್ 2019ರ ಕೊನೆಯಲ್ಲಿ ತಂದ ಒಂದು ಏರ್ಪಾಡಿನಲ್ಲಿ ಬುದ್ಧಿವಂತಿಕೆ ಇದೆ. ನೋಡುತ್ತ ಕೂತಷ್ಟು ಹೊತ್ತಿಗೆ ವೀಕ್ಷಕನ ಹೆಸರಿನಲ್ಲಿ ಅಂಕಗಳು ಸೇರುತ್ತವೆ. ಅವುಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆ ಚಾನೆಲಿನಲ್ಲಿ ಮಾತ್ರ ಬೆಲೆ. ಅಂಕ ವ್ಯಯಿಸಿ ಅವನು ತನ್ನ ಮಾತನ್ನು ಎದ್ದು ಕಾಣುವಂತೆ ಮಾಡಬಹುದು, ಅಥವಾ ಆಡುವವನು ಮೊದಲೇ ಒಪ್ಪಿಕೊಂಡಿದ್ದರೆ ಮುಂದಿನ ಸುತ್ತಿನಲ್ಲಿ ಯಾವ ಆಯುಧ ಹಿಡಿಯಬೇಕೆಂದು ಆಜ್ಞೆ ಮಾಡಬಹುದು. ಯೂಟ್ಯೂಬಿನಲ್ಲೂ ಸ್ಟ್ರೀಮ್‌ಎಲಿಮೆಂಟ್ಸ್‌ನಂಥ ಉಪಕರಣದಿಂದ ಇಂಥ ಅಂಕಗಳನ್ನು ಇಡಲು ಸಾಧ್ಯ. ಇಲ್ಲಿ ಮಲಗಿದವನಿಗೆ ಲಾಭವಿಲ್ಲ. ಅಂಕವಿದ್ದರೂ ಅದನ್ನು ಬಳಸುವ ಸಂತೋಷಕ್ಕೆ ಅವನು ಎಚ್ಚರವಿರಬೇಕು, ಮತ್ತೆ ಬರಬೇಕು. ಮೂರು ಮಂದಿ ಬಂದರೂ ಸಾಕು. ಟ್ವಿಚ್ 2017ರಲ್ಲಿ ಸಣ್ಣ ಪ್ರಸಾರಕರಿಗೆ ಗಳಿಕೆಯ ಮೊದಲ ಮೆಟ್ಟಿಲನ್ನಿಟ್ಟಾಗ ಸರಾಸರಿ ಮೂವರು ವೀಕ್ಷಕರು ಸಾಕೆಂದು ಹೇಳಿತ್ತು.

ಇದು ನಮಗೆ ಹೊಸತಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದ ಮೇಲೆ ನಮ್ಮ ಮನೆಗಳಿಗೆ ಅದೇ ನಿತ್ಯದ ಧ್ವನಿ. ಕೋರಿಕೆಯ ಚಿತ್ರಗೀತೆಗೆ ಅಂಚೆ ಕಾರ್ಡು ಬರೆದು ವಾರಗಟ್ಟಲೆ ಕಾದು ಕೂತವರು ಎಷ್ಟಿಲ್ಲ! ಹಾಡು ಎಲ್ಲರಿಗೂ ಕೇಳಿಸುತ್ತಿತ್ತು. ನಮಗೆ ಬೇಕಿದ್ದುದು ಹಾಡಿನ ಮುಂಚೆ ಬರುವ ಹೆಸರು, ಹೆಸರಿನ ಮುಂಚೆ ಬರುವ ಊರು. ಮುಳ್ಳೇರಿಯ ಎಂದು ರೇಡಿಯೋದಲ್ಲಿ ಹೇಳಿದರೆ ಇಡೀ ಪೇಟೆಯ ತಲೆ ಒಂದಿಂಚು ಮೇಲೇರುತ್ತಿತ್ತು. ಅಂಚೆ ಕಾರ್ಡಿನ ಬೆಲೆ ಬಿಟ್ಟರೆ ಆ ಬಹುಮಾನಕ್ಕೆ ಯಾರಿಗೂ ಖರ್ಚಿರಲಿಲ್ಲ.

ಇಲ್ಲಿಗೆ ಭಾಷೆಯ ಪ್ರಶ್ನೆ ಬರುತ್ತದೆ. ಹುಡುಗ ಪ್ರಸಾರದಲ್ಲಿ ಮಾತನಾಡುವುದು ಯಾವ ಭಾಷೆಯಲ್ಲಿ ಎಂದು ಕೇಳಿದೆ. ಸ್ವಲ್ಪ ತಡೆದು, "ಮಲಯಾಳದಲ್ಲೇ ಮಾಷ್ಟ್ರೇ, ನೋಡುವವರು ಜಾಸ್ತಿ" ಎಂದ. ನಾನು ಬೈಯಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಛೇರಿಯಲ್ಲಿ ಮಲಯಾಳ ಬೇಕೆಂದು ನಾವೇ ಕಲಿಸಿದ್ದೇವೆ. ರಾತ್ರಿಯ ಆಟಕ್ಕೆ ಅದು ಬೇಡವೆಂದರೆ ಅವನು ಏಕೆ ಕೇಳಬೇಕು? ಆದರೆ ಸಂಖ್ಯೆಯ ದೃಷ್ಟಿಯಿಂದಲೇ ಅವನ ತರ್ಕದಲ್ಲಿ ಒಂದು ಬಿರುಕಿದೆ. ಮಲಯಾಳದಲ್ಲಿ ನೋಡುವವರು ಹೆಚ್ಚೆಂದರೆ ಆಡಿ ತೋರಿಸುವವರೂ ಹೆಚ್ಚು. ಒಳ್ಳೆಯ ಯಂತ್ರ, ಒಳ್ಳೆಯ ಧ್ವನಿ, ಕಂಪೆನಿಗಳ ಬೆಂಬಲ ಇರುವವರು ಅಲ್ಲಿದ್ದಾರೆ. ಅವರ ಮಧ್ಯೆ ಇವನ ಹತ್ತು ಚೀಟಿ ಕಾಣಿಸುವುದಿಲ್ಲ. ಬೆಂಗಳೂರಿನ ಕನ್ನಡ ಚಾನೆಲುಗಳ ಮುಂದೆಯೂ ಇವನು ಸಣ್ಣವನೇ. ಆದರೆ ಕನ್ನಡದಲ್ಲಿ ಆರಂಭಿಸಿ, ನಡುವೆ ತುಳುವಿಗೆ ಜಾರಿ, ಬರೆದವನ ಭಾಷೆ ನೋಡಿ ಮಲಯಾಳದಲ್ಲಿ ಉತ್ತರಿಸಿ ಮತ್ತೆ ಕನ್ನಡಕ್ಕೆ ಬರುವ ನಾಲಿಗೆ ಈ ಎರಡು ಕಡೆಯವರಲ್ಲಿ ಎಷ್ಟು ಮಂದಿಗಿದೆ? ಆ ನಾಲಿಗೆಯನ್ನು ಕೇಳಿ ಊರು ನೆನಪಾಗುವವರು ಬದಿಯಡ್ಕದಲ್ಲಿದ್ದಾರೆ, ಪುತ್ತೂರಿನಲ್ಲಿದ್ದಾರೆ, ದುಬಾಯಿಯ ಕೋಣೆಗಳಲ್ಲಿದ್ದಾರೆ. ಅವರಿಗೆ ಕೊಡಬಹುದಾದ ಬಹುಮಾನ ಅವನ ಬಾಯಲ್ಲೇ ಇದೆ.

ಎರಡು ದಿನ ಬಿಟ್ಟು ಬಂದಾಗ ಇಷ್ಟನ್ನೂ ಹೇಳಿದೆ. ಹುಡುಗ ಪೂರ್ತಿ ಒಪ್ಪಲಿಲ್ಲ. "ಹೆಸರು ಕರೆದರೆ ಯಾರು ಬರ್ತಾರೆ ಮಾಷ್ಟ್ರೇ? ಎಲ್ಲರೂ ಕೊಡುವಾಗ ನಾನೊಬ್ಬ ಕೊಡದಿದ್ದರೆ ಪಿಟ್ಟಾಸಿ ಅಂತಾರೆ" ಎಂದ. ಅವನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಚೀಟಿ ಬೇಡ, ಸಾವಿರದ ಷರತ್ತೂ ಬೇಡ. ಪ್ರತಿ ಶನಿವಾರದ ಪ್ರಸಾರದಲ್ಲಿ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಪ್ರಶ್ನೆ. ಸರಿಯುತ್ತರ ಮೊದಲು ಬರೆದವನು ಮುಂದಿನ ಸುತ್ತಿನಲ್ಲಿ ಇವನ ತಂಡದಲ್ಲಿ ಆಡಬಹುದು. ಪ್ರಶ್ನೆಗಳನ್ನು ಬರೆದು ಕೊಡುವ ಕೆಲಸ ನನ್ನ ತಲೆಗೆ ಬಿತ್ತು. 2,500 ರೂಪಾಯಿಯಲ್ಲಿ ಅವನು ಕಾಸರಗೋಡಿನಿಂದ ಒಂದು ಮೈಕ್ ತಂದ. ಮನೆಯವರೊಂದಿಗೆ ಮಾತನಾಡಿ, ಪರೀಕ್ಷೆ ಮುಗಿಯುವ ತನಕ ವಾರಕ್ಕೆ ಎರಡೇ ರಾತ್ರಿಯೆಂದು ತೀರ್ಮಾನವಾಗಿದೆ.

ಮೊನ್ನೆಯ ಶನಿವಾರ ಪಯಸ್ವಿನಿಯ ಬಗ್ಗೆ ಪ್ರಶ್ನೆಯಿತ್ತು. ಮೊದಲು ಉತ್ತರ ಬಂದದ್ದು ಮಸ್ಕತ್ತಿನಿಂದ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಉತ್ತರದ ಕೆಳಗೆ, ಊರಲ್ಲಿ ಮಳೆ ಬಂತಾ ಎಂದು ಅವನೂ ಒಂದು ಪ್ರಶ್ನೆ ಕೇಳಿದ್ದ. ಹುಡುಗ ಆಟ ನಿಲ್ಲಿಸಿ ಕಿಟಕಿ ತೆರೆದು ನೋಡಿ, ಇಲ್ಲ, ಆದರೆ ಮೋಡ ಉಂಟು ಎಂದು ಹೇಳಿದ. ಆ ಹೊತ್ತಿಗೆ ಮೂಲೆಯ ಸಂಖ್ಯೆ 14 ಎಂದು ತೋರಿಸುತ್ತಿತ್ತು. ಅದರಲ್ಲಿ ಒಬ್ಬ ನಾನೇ.